ದೆಹಲಿಯ ಚಳಿಯಲ್ಲಿ ಇಬ್ಬರ ಸಂಸಾರ

ಡಿಸೆಂಬರ್ 22ರ ಆಸುಪಾಸಿನಲ್ಲಿ ದೆಹಲಿಯಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 7 ಗಂಟೆ 10 ನಿಮಿಷದ ಹೊತ್ತಿಗೆ. ಸಂಜೆ ಐದೂವರೆಯೊಳಗೆ ಮುಳುಗಿಬಿಡುತ್ತಾನೆ. ಹಗಲು ಹೆಚ್ಚೆಂದರೆ 10 ಗಂಟೆ 20 ನಿಮಿಷ. ಅದೇ ದಿನ ಬೆಂಗಳೂರಿಗೆ ಸಿಗುವ ಹಗಲು ಇದಕ್ಕಿಂತ ಒಂದು ಗಂಟೆ ಉದ್ದ. ದೆಹಲಿಯದ್ದೇ ಜೂನ್ ತಿಂಗಳ ಹಗಲಿನ ಪಕ್ಕದಲ್ಲಿಟ್ಟು ನೋಡಿದರೆ ಮೂರೂವರೆ ಗಂಟೆಗೂ ಹೆಚ್ಚು ಬೆಳಕು ಕಡಿಮೆ. ಇಬ್ಬರೂ ಕೆಲಸಕ್ಕೆ ಹೋಗುವ, ಬಾಡಿಗೆ ಮನೆಯಲ್ಲಿರುವ, ಹಿರಿಯರು ದೂರದ ಊರಿನಲ್ಲಿರುವ ಎಳೆಯ ದಂಪತಿಗಳು ದೆಹಲಿ, ನೊಯಿಡಾ, ಗುರುಗ್ರಾಮಗಳಲ್ಲಿ ಎಲ್ಲೆಲ್ಲೂ ಇದ್ದಾರೆ. ಕರ್ನಾಟಕದಿಂದ ಹೋಗಿ ನೆಲೆಸಿದವರೂ ಅವರಲ್ಲಿ ಕಡಿಮೆಯೇನಿಲ್ಲ. ಬೆಳಿಗ್ಗೆ ಮನೆ ಬಿಟ್ಟು ಕತ್ತಲಾದ ಮೇಲೆ ಬಾಗಿಲು ತೆರೆಯುವ ಇವರಿಗೆ ವಾರದ ಐದು ದಿನ ತಮ್ಮ ಮನೆಯನ್ನು ಹಗಲಿನಲ್ಲಿ ನೋಡುವ ಅವಕಾಶವೇ ಇರುವುದಿಲ್ಲ. ಚಳಿಗಾಲವೆಂದರೆ ಗಂಡ ಹೆಂಡತಿಯನ್ನು ಹತ್ತಿರ ತರುವ ಋತು ಎಂದು ಸಿನಿಮಾ ಹಾಡುಗಳೂ ಚಹಾದ ಜಾಹೀರಾತುಗಳೂ ನಮ್ಮನ್ನು ನಂಬಿಸಿವೆ. ಲೋದಿ ಉದ್ಯಾನದ ಭಾನುವಾರದ ಬಿಸಿಲಿನಲ್ಲಿ ಶೇಂಗಾ ಸುಲಿಯುತ್ತ ಕೂತ ಜೋಡಿಗಳನ್ನು ನೋಡಿದರೆ ಆ ಮಾತು ನಿಜವೆನಿಸುತ್ತದೆ. ಆದರೆ ಮಹಾನಗರದ ಚಳಿಗಾಲ ಮನೆಗೆಲಸವನ್ನು ಬೆಳೆಸುತ್ತದೆ, ಆ ಕೆಲಸಕ್ಕಿರುವ ಹೊತ್ತನ್ನು ಕುಗ್ಗಿಸುತ್ತದೆ. ಹೀಗೆ ಹೆಚ್ಚಿದ ಹೊರೆ ಯಾರೂ ಕೂತು ಮಾತಾಡದೆಯೇ ಹೆಂಡತಿಯ ಪಾಲಿಗೆ ಸರಿಯುತ್ತದೆ. ಈ ಋತುವಿನಲ್ಲಿ ದಂಪತಿಗಳು ನಿಜವಾಗಿ ಹತ್ತಿರವಾಗುತ್ತಾರೋ ಇಲ್ಲವೋ ಎಂಬುದು ಆ ಹೊರೆ ಹೇಗೆ ಹಂಚಿಕೆಯಾಗುತ್ತದೆ ಎಂಬುದರ ಮೇಲೆ ನಿಂತಿದೆ ಎಂಬುದು ನನ್ನ ವಾದ.

ಮೊದಲು ಈ ಚಳಿಯ ಸ್ವಭಾವವನ್ನು ತಿಳಿಯಬೇಕು. ಜನವರಿಯಲ್ಲಿ ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ದಾಖಲಾಗುವ ಸರಾಸರಿ ಕನಿಷ್ಠ ಉಷ್ಣಾಂಶ ಏಳೆಂಟು ಡಿಗ್ರಿ. 2021ರ ಜನವರಿ 1ರ ಬೆಳಿಗ್ಗೆ ಅದು 1.1 ಡಿಗ್ರಿಗೆ ಇಳಿದಿತ್ತು. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬೆಂಗಳೂರಿನ ಚರಿತ್ರೆಯಲ್ಲೇ ಅತಿ ಚಳಿಯ ಬೆಳಗು ದೆಹಲಿಗೆ ಜನವರಿಯ ಒಂದು ಸಾಧಾರಣ ಬೆಳಗು. ಆದರೂ ಲಂಡನ್ನಿಗೋ ಟೊರಾಂಟೊಗೋ ಇದು ಚಳಿಯೇ ಅಲ್ಲ. ಅಲ್ಲಿ ಮನೆಯೊಳಗೆ ಇಪ್ಪತ್ತು ಡಿಗ್ರಿ ಇರುವಂತೆ ಕಟ್ಟಡವನ್ನೇ ಕಟ್ಟಿರುತ್ತಾರೆ. ದೆಹಲಿಯ ಮನೆಗಳು ಮೇ ತಿಂಗಳಿಗಾಗಿ ಕಟ್ಟಿದವು. ಮೊಸಾಯಿಕ್ ಅಥವಾ ಕಲ್ಲಿನ ನೆಲ, ಇಟ್ಟಿಗೆ ಗೋಡೆ, ಚೌಕಟ್ಟಿಗೆ ಬಿಗಿಯಾಗಿ ಕೂರದ ಕಿಟಕಿ, ಗಾಳಿಯಾಡಲೆಂದು ಮೇಲೆ ಬಿಟ್ಟ ವೆಂಟಿಲೇಟರ್, ಇವೆಲ್ಲ ಸೆಕೆಗಾಲದಲ್ಲಿ ವರ, ಚಳಿಗಾಲದಲ್ಲಿ ಶಾಪ. ಮಂಜು ಮುಸುಕಿದ ದಿನಗಳಲ್ಲಿ ಹಗಲೂ ಬಿಸಿಯಾಗುವುದಿಲ್ಲ. 2019ರ ಡಿಸೆಂಬರ್ 30ರಂದು ನಗರದ ಗರಿಷ್ಠ ಉಷ್ಣಾಂಶವೇ 9.4 ಡಿಗ್ರಿಯಲ್ಲಿ ನಿಂತಿತ್ತು. ಅಂಥ ದಿನಗಳಲ್ಲಿ ಹೊರಗಿನ ಚಳಿ ಗೋಡೆಯೊಳಕ್ಕೆ ಇಳಿಯುತ್ತದೆ, ಗೋಡೆ ಅದನ್ನು ದಿನಗಟ್ಟಲೆ ಬಿಡುವುದಿಲ್ಲ. ಮನೆಯೊಳಗೂ ಸ್ವೆಟರು, ಕಾಲುಚೀಲ ಹಾಕಿಕೊಂಡೇ ಓಡಾಡಬೇಕಾದ ಈ ಸ್ಥಿತಿಯಲ್ಲಿ ದಿನನಿತ್ಯದ ಸಣ್ಣ ಕೆಲಸಗಳೆಲ್ಲ ತಮ್ಮ ಅಳತೆಯನ್ನೇ ಬದಲಿಸಿಕೊಳ್ಳುತ್ತವೆ.

ಸ್ನಾನದ ನೀರಿನಿಂದಲೇ ಶುರುಮಾಡಬಹುದು. ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 15 ಲೀಟರಿನ, 2,000 ವಾಟ್‌ನ ಗೀಸರ್. ತೊಟ್ಟಿಯ ನೀರು 13 ಡಿಗ್ರಿಯಲ್ಲಿದ್ದರೆ ಅದನ್ನು 45ಕ್ಕೆ ಏರಿಸಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಬೇಕು, ಸಮಯ 17 ನಿಮಿಷದಷ್ಟು. ಖರ್ಚಿನ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಹೊತ್ತಿನ ಲೆಕ್ಕದಲ್ಲಿ ಮಾತ್ರ ದೊಡ್ಡದು. ಒಬ್ಬರ ಸ್ನಾನವಾದ ಮೇಲೆ ಇನ್ನೊಬ್ಬರು ಮತ್ತೆ ಕಾಯಬೇಕು, ಪಾತ್ರೆ ತೊಳೆಯಲು ಬಿಸಿನೀರು ಬೇಕೆಂದರೆ ಇನ್ನೊಂದು ಸುತ್ತು. ಸೆಕೆಗಾಲದಲ್ಲಿ ಎದ್ದವರೇ ನಲ್ಲಿ ತಿರುಗಿಸಿ ಮುಗಿಸುತ್ತಿದ್ದ ಕೆಲಸಕ್ಕೆ ಈಗ ಒಬ್ಬರು ಕತ್ತಲಲ್ಲೇ ದಪ್ಪ ಹೊದಿಕೆಯಾದ ರಜಾಯಿಯಿಂದ ಹೊರಬಂದು ಸ್ವಿಚ್ ಒತ್ತಬೇಕು. ಆ ಒಬ್ಬರೇ ಒಲೆ ಹಚ್ಚುವವರೂ ಆಗಿರುತ್ತಾರೆ, ಏಕೆಂದರೆ ಅಷ್ಟು ಬೇಗ ಎದ್ದ ಮೇಲೆ ಸುಮ್ಮನೆ ಕೂರುವುದು ಹೇಗೆ? ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಕೂತಿರುತ್ತದೆ; 24 ಡಿಗ್ರಿಯ ಕೆಳಗೆ ಅದು ಕರಗುವುದೇ ಇಲ್ಲ. ಊರಿನಲ್ಲಿ ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ತೆಗೆಯುತ್ತಿದ್ದ ಮೊಸರು ಇಲ್ಲಿ ಬೆಳಿಗ್ಗೆಯೂ ಹಾಲಾಗಿಯೇ ಇರುತ್ತದೆ. ದೋಸೆ ಹಿಟ್ಟನ್ನು ಹುಳಿಬರಿಸುವ ಬ್ಯಾಕ್ಟೀರಿಯಾಗಳಿಗೆ 25ರಿಂದ 30 ಡಿಗ್ರಿ ಶಾಖ ಹಿತ. ಹದಿನಾಲ್ಕು ಡಿಗ್ರಿಯ ಅಡುಗೆಮನೆಯಲ್ಲಿ ಅವು ಮಂಕಾಗಿಬಿಡುತ್ತವೆ. ಹಾಗಾಗಿ ದೆಹಲಿಯ ಕನ್ನಡಿಗರ ಮನೆಗಳಲ್ಲಿ ಹಿಟ್ಟಿನ ಪಾತ್ರೆಗೆ ಹಳೆಯ ಶಾಲು ಸುತ್ತುವುದು, ಕ್ಯಾಸರೋಲಿನಲ್ಲಿ ಬಿಸಿನೀರಿಟ್ಟು ಅದರ ಮಧ್ಯೆ ಮೊಸರಿನ ಪಾತ್ರೆ ಕೂರಿಸುವುದು, ಓವನ್ನಿನ ದೀಪ ಹಚ್ಚಿ ಒಳಗಿಡುವುದು ಮಾಮೂಲು. ಭಾನುವಾರದ ದೋಸೆಗೆ ಶುಕ್ರವಾರ ರಾತ್ರಿಯೇ ಅಕ್ಕಿ ಉದ್ದು ನೆನೆಹಾಕಬೇಕು. ನೆನೆಹಾಕುವುದಕ್ಕೆ ಎರಡು ನಿಮಿಷ ಸಾಕು. ನೆನಪಿಟ್ಟುಕೊಳ್ಳುವುದಕ್ಕೆ ಮಾತ್ರ ವಾರವಿಡೀ ತಲೆಯಲ್ಲಿ ಒಂದು ಮೂಲೆ ಬೇಕು.

ಉತ್ತರ ಭಾರತದ ಚಳಿಗಾಲದ ಊಟ ಎಷ್ಟು ಸೊಗಸೋ ಅಷ್ಟೇ ಶ್ರಮದ್ದು. ಸಾಸಿವೆ ಸೊಪ್ಪು, ಬಥುವಾ ಸೊಪ್ಪು, ಮೆಂತ್ಯ, ಕೆಂಪು ಗಜ್ಜರಿ, ಸಿಪ್ಪೆಸಹಿತ ಹಸಿ ಬಟಾಣಿ ರಾಶಿರಾಶಿಯಾಗಿ ಅಗ್ಗಕ್ಕೆ ಬರುವುದು ಈ ತಿಂಗಳುಗಳಲ್ಲಿ. ಸೊಪ್ಪು ಬಿಡಿಸಿ, ಮಣ್ಣು ಹೋಗುವಂತೆ ಮೂರು ನೀರಿನಲ್ಲಿ ತೊಳೆದು, ಬೇಯಿಸಿ, ಮಸೆಯಬೇಕು. ಗಜ್ಜರಿ ಹಲ್ವಕ್ಕೆ ತುರಿಯುವುದೇ ಒಂದು ಕೆಲಸ, ಹಾಲು ಇಂಗುವವರೆಗೆ ಕೈಯಾಡಿಸುವುದು ಇನ್ನೊಂದು. ಇದು ನಮಗೆ ಅಪರಿಚಿತವಲ್ಲ. ಬೆಂಗಳೂರು, ಮೈಸೂರು ಕಡೆಯ ಹಿತಕಿದ ಅವರೆಬೇಳೆ ಸಾರಿನ ಹಿಂದೆಯೂ ಕಾಳನ್ನು ನೆನೆಸಿ ಒಂದೊಂದಾಗಿ ಹಿತುಕುವ ಕೈಗಳಿವೆ. ಈ ಅಡುಗೆಗಳೆಲ್ಲ ಹುಟ್ಟಿದ್ದು ಹತ್ತು ಕೈಗಳಿದ್ದ ಮನೆಗಳಲ್ಲಿ. ಮಧ್ಯಾಹ್ನದ ಬಿಸಿಲಿಗೆ ಅಂಗಳದಲ್ಲಿ ಮಂಚ ಹಾಕಿಕೊಂಡು ಅಜ್ಜಿ, ಅತ್ತೆ, ಅಕ್ಕಪಕ್ಕದವರು, ಮಕ್ಕಳು ಕೂತು ಮಾತಾಡುತ್ತ ಬಟಾಣಿ ಸುಲಿಯುತ್ತಿದ್ದರು. ಚಳಿಗಾಲದ ನಿಧಾನವೂ ಜನರ ಸಂಖ್ಯೆಯೂ ಸೇರಿ ಆ ರುಚಿಯನ್ನು ಸಾಧ್ಯವಾಗಿಸಿದ್ದವು. ಎರಡು ಕೋಣೆಯ ಫ್ಲಾಟಿಗೆ ರುಚಿ ಮಾತ್ರ ಬಳುವಳಿಯಾಗಿ ಬಂದಿದೆ. ಅಂಗಳ, ಬಿಸಿಲು, ಕೈಗಳು ಬರಲಿಲ್ಲ. ರಾತ್ರಿ ಎಂಟಕ್ಕೆ ಕಚೇರಿಯಿಂದ ಬಂದವಳು ಟ್ಯೂಬ್‌ಲೈಟಿನ ಕೆಳಗೆ ಒಬ್ಬಳೇ ಬಟಾಣಿ ಸುಲಿದರೆ ಅದು ಹಬ್ಬವಾಗುವುದಿಲ್ಲ, ಇನ್ನೊಂದು ಪಾಳಿಯಾಗುತ್ತದೆ.

ಬಟ್ಟೆಯ ವಿಷಯವೂ ಹೀಗೆಯೇ. ಮೇ ತಿಂಗಳಲ್ಲಿ ಒಂದು ಗಂಟೆಯಲ್ಲಿ ಗರಿಗರಿಯಾಗುವ ಬಟ್ಟೆ ಜನವರಿಯಲ್ಲಿ ಎರಡು ದಿನವಾದರೂ ಜಿಗುಟು. ಒಣಹಾಕುವ ಹೊತ್ತಿಗೆ ಬಿಸಿಲು ಬಂದಿರುವುದಿಲ್ಲ, ತೆಗೆಯುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ, ಬರುವ ಹೊತ್ತಿಗೆ ಇಬ್ಬನಿ ಬಿದ್ದು ಮತ್ತೆ ಒದ್ದೆ. ಕೋಣೆಯೊಳಗೆ ಹಗ್ಗ ಕಟ್ಟಿದರೆ ಆ ತೇವವೆಲ್ಲ ತಣ್ಣನೆಯ ಗೋಡೆಯ ಮೇಲೆ ಕೂತು ಬೂಷ್ಟು ಹಿಡಿಯುತ್ತದೆ. ದೀಪಾವಳಿಯ ಸುಮಾರಿಗೆ ರಜಾಯಿಗಳನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕುವುದು, ಉಣ್ಣೆ ಬಟ್ಟೆಗಳನ್ನು ಬೇರೆಯಾಗಿ ಒಗೆಯುವುದು, ಹೋಳಿಯ ಹೊತ್ತಿಗೆ ನುಸಿಗುಳಿಗೆ ಹಾಕಿ ಮತ್ತೆ ಕಟ್ಟಿಡುವುದು, ಇವು ಯಾರ ದಿನಚರಿಯಲ್ಲೂ ಬರೆದಿರುವುದಿಲ್ಲ, ಆದರೂ ಯಾರೋ ಮಾಡಿರುತ್ತಾರೆ.

ಇದರ ಮೇಲೆ ಗಾಳಿ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು ಅದರ ಮೇಲಿನ ಗಾಳಿ ತಂಪಾಗುತ್ತದೆ, ಮೇಲೆ ಬೆಚ್ಚಗಿನ ಪದರ ಉಳಿಯುತ್ತದೆ. ತಣ್ಣನೆಯ ಗಾಳಿ ಭಾರ, ಮೇಲೇರುವುದಿಲ್ಲ. ವಾಹನಗಳ ಹೊಗೆ, ರಸ್ತೆ ಹಾಗೂ ಕಟ್ಟಡಗಳ ದೂಳು, ಕಾರ್ಖಾನೆಗಳ ಮತ್ತು ಸುಟ್ಟ ಕಸದ ಹೊಗೆ, ನವೆಂಬರಿನಲ್ಲಿ ಪಂಜಾಬ್ ಹರಿಯಾಣದ ಗದ್ದೆಗಳ ಕೂಳೆ ಸುಟ್ಟ ಹೊಗೆ, ಎಲ್ಲವೂ ಆ ಮುಚ್ಚಳದ ಕೆಳಗೆ ಸಿಕ್ಕಿಬೀಳುತ್ತವೆ. ಅತಿ ಸಣ್ಣ ಕಣಗಳಾದ ಪಿಎಂ 2.5ಕ್ಕೆ ನಮ್ಮ ದೇಶ ಇಟ್ಟುಕೊಂಡಿರುವ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ 15. ನವೆಂಬರ್, ಡಿಸೆಂಬರ್‌ನ ಕೆಟ್ಟ ದಿನಗಳಲ್ಲಿ ದೆಹಲಿ ನಮ್ಮ ಮಿತಿಯನ್ನೇ ಹಲವು ಪಟ್ಟು ದಾಟಿರುತ್ತದೆ. ಹೀಗಾಗಿ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬುದೇ ದಿನವೂ ಬಗೆಹರಿಯದ ಪ್ರಶ್ನೆ. ಮುಚ್ಚಿದರೆ ಒಗ್ಗರಣೆಯ ಹೊಗೆ, ಉಸಿರಿನ ಇಂಗಾಲದ ಡೈಆಕ್ಸೈಡ್, ಒದ್ದೆ ಬಟ್ಟೆಯ ತೇವ ಒಳಗೇ ಉಳಿಯುತ್ತವೆ. ತೆರೆದರೆ ಚಳಿಯೂ ವಿಷವೂ ಒಟ್ಟಿಗೆ ಬರುತ್ತವೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿ (ಅಗ್ಗಿಷ್ಟಿಕೆ) ಇಟ್ಟು ಮಲಗಿ ಕಾರ್ಬನ್ ಮೊನಾಕ್ಸೈಡಿಗೆ ಬಲಿಯಾದವರ ಸುದ್ದಿ ಉತ್ತರ ಭಾರತದಲ್ಲಿ ಚಳಿಗಾಲ ಬಂದಾಗಲೆಲ್ಲ ಬರುತ್ತದೆ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್ ಕೂಡ ಅಷ್ಟೇ ಅಪಾಯಕಾರಿ ಎಂಬುದು ಹೊಸದಾಗಿ ಬಂದವರಿಗೆ ಗೊತ್ತಿರುವುದಿಲ್ಲ. ಯಾವ ಹೊತ್ತಿಗೆ ಹತ್ತು ನಿಮಿಷ ಕಿಟಕಿ ತೆರೆಯಬಹುದು, ಮಾಸ್ಕ್ ಇದೆಯೇ, ಇಂದಿನ ವಾಯು ಗುಣಮಟ್ಟ ಸೂಚ್ಯಂಕ ಎಷ್ಟು ಎಂದು ದಿನವೂ ನೋಡುವುದು ಕೂಡ ಈಗ ಮನೆಗೆಲಸದ ಪಟ್ಟಿಗೆ ಸೇರಿದೆ.

ಹೀಗೆ ಬೆಳೆದ ಕೆಲಸ ಯಾರ ಪಾಲಿಗೆ ಹೋಗುತ್ತದೆ? ಊಹೆ ಬೇಡ, ಲೆಕ್ಕವಿದೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಇಲಾಖೆ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಅದರಲ್ಲಿ ತೊಡಗುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಮಹಿಳೆಯರದು 289ಕ್ಕೆ ಇಳಿಯಿತು. ಇದನ್ನು ಪ್ರಗತಿ ಎಂದು ಹಲವರು ಬರೆದರು. ಆದರೆ ಗಂಡಸರದೂ 88ಕ್ಕೆ ಇಳಿದಿತ್ತು. ಐದು ವರ್ಷದಲ್ಲಿ ಇಬ್ಬರ ನಡುವಿನ ಅಂತರ 202 ನಿಮಿಷದಿಂದ 201ಕ್ಕೆ ಬಂತು, ಒಂದೇ ಒಂದು ನಿಮಿಷದ ಬದಲಾವಣೆ. ಇನ್ನೂ ಗಮನಿಸಬೇಕಾದ ಮಾತೆಂದರೆ, ಇದು ಮನೆಗೆಲಸಕ್ಕೆ ಕೈ ಹಾಕಿದವರ ಲೆಕ್ಕ ಮಾತ್ರ. 2019ರಲ್ಲಿ ಮಹಿಳೆಯರಲ್ಲಿ ನೂರಕ್ಕೆ 81 ಮಂದಿ ಮನೆಗೆಲಸ ಮಾಡಿದ್ದರೆ ಗಂಡಸರಲ್ಲಿ 26 ಮಂದಿ ಮಾತ್ರ ಮಾಡಿದ್ದರು. ಉಳಿದ 74 ಮಂದಿಯ ಸೊನ್ನೆ ಆ 97 ನಿಮಿಷದೊಳಗೆ ಸೇರಿಯೇ ಇಲ್ಲ. ಇವು ಇಡೀ ದೇಶದ ಅಂಕಿಗಳು. ಹಳ್ಳಿ ನಗರ, ಹಿರಿಯರು ಕಿರಿಯರು ಎಲ್ಲ ಸೇರಿದ್ದಾರೆ. ಇಬ್ಬರೂ ಓದಿದ, ಇಬ್ಬರೂ ದುಡಿಯುವ ನಗರದ ಮನೆಗಳಲ್ಲಿ ಅಂತರ ಇಷ್ಟಿರಲಾರದು ಎಂದು ಹೇಳಬಹುದು, ಒಪ್ಪೋಣ. ಆದರೆ ಅಂತರ ಅಳಿಸಿಹೋಗಿದೆ ಎಂದು ಯಾವ ಅಂಕಿಯೂ ಹೇಳುತ್ತಿಲ್ಲ. ಹೊರೆ ಮೊದಲೇ ಒಂದು ಕಡೆಗೆ ವಾಲಿರುವ ಮನೆಯಲ್ಲಿ ಹೊಸದಾಗಿ ಬಂದ ಕೆಲಸ ಎತ್ತ ಉರುಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಗಂಡಸರು ಹೊರಗಿನ ದುಡಿಮೆಯಲ್ಲಿ ಹೆಚ್ಚು ಹೊತ್ತು ಕಳೆಯುತ್ತಾರೆಂಬುದನ್ನೂ ಅದೇ ಸಮೀಕ್ಷೆ ಹೇಳುತ್ತದೆ, ಅದು ನ್ಯಾಯವಾದ ಆಕ್ಷೇಪ. ಒಬ್ಬರು ಮಾತ್ರ ದುಡಿಯುವ ಮನೆಗೆ ಆ ಉತ್ತರ ಸ್ವಲ್ಪಮಟ್ಟಿಗೆ ಹೊಂದಬಹುದು. ಇಬ್ಬರೂ ಒಂದೇ ಹೊತ್ತಿಗೆ ಮೆಟ್ರೊ ಹತ್ತುವ ಮನೆಗೆ ಅದು ಉತ್ತರವಾಗುವುದಿಲ್ಲ.

ಕತ್ತಲು ಇನ್ನೊಂದು ರೀತಿಯಲ್ಲೂ ಅಸಮಾನ. ಸಂಜೆ ಆರಕ್ಕೆ ಕಚೇರಿ ಬಿಡುವ ಗಂಡಸಿಗೆ ಕತ್ತಲೆಂದರೆ ಕತ್ತಲು, ಅಷ್ಟೆ. ಹೆಂಗಸಿಗೆ ಅದು ದಾರಿಯನ್ನೇ ಬದಲಿಸುವ ಕಾರಣ. ಮೆಟ್ರೊ ನಿಲ್ದಾಣದಿಂದ ಮನೆಯವರೆಗಿನ ಒಂದು ಕಿಲೋಮೀಟರನ್ನು ಜೂನ್‌ನಲ್ಲಿ ನಡೆದುಕೊಂಡೇ ಹೋಗುವವಳು ಜನವರಿಯಲ್ಲಿ ಇ-ರಿಕ್ಷಾ ಹುಡುಕುತ್ತಾಳೆ, ತರಕಾರಿಗೆಂದು ಇಳಿಯಬೇಕಾದಲ್ಲಿ ಇಳಿಯುವುದಿಲ್ಲ. 2012ರ ಡಿಸೆಂಬರ್ 16ರ ರಾತ್ರಿ ಬಸ್ಸಿನೊಳಗೆ ನಡೆದ ಸಾಮೂಹಿಕ ಅತ್ಯಾಚಾರವನ್ನು ಕಂಡ ನಗರದಲ್ಲಿ ಈ ಎಚ್ಚರವನ್ನು ಅತಿರೇಕ ಎನ್ನುವ ಹಕ್ಕು ಯಾರಿಗೂ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಸುರಕ್ಷಿತ ದಾರಿ ಸಿಗುವುದಾದರೆ ಗುಣಮಟ್ಟದಲ್ಲಿ ಕೆಳಗಿರುವ ಕಾಲೇಜನ್ನೂ ಆರಿಸಿಕೊಳ್ಳುತ್ತಾರೆಂದು ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ಅವರ ಅಧ್ಯಯನ ತೋರಿಸಿತ್ತು. ಓದಿನ ವಿಷಯದಲ್ಲೇ ಹೀಗಾದರೆ ಕೆಲಸದ ಆಯ್ಕೆಯಲ್ಲಿ, ಸಂಜೆಯ ಸಭೆಗೆ ನಿಲ್ಲುವುದೋ ಬಿಡುವುದೋ ಎಂಬಲ್ಲಿ ಈ ಲೆಕ್ಕ ನಡೆಯದೆ ಇರುತ್ತದೆಯೇ? 2019ರ ಅಕ್ಟೋಬರಿನಿಂದ ಮಹಿಳೆಯರಿಗೆ ದೆಹಲಿಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ಸಿಕ್ಕಿದ್ದು ಒಳ್ಳೆಯದೇ ಆಯಿತು. ನಿಲ್ದಾಣದಿಂದ ಮನೆ ಬಾಗಿಲಿನವರೆಗಿನ ಕತ್ತಲು ಮಾತ್ರ ಹಾಗೇ ಇದೆ. ಬೇಗ ಮನೆಗೆ ಬಂದುಬಿಡುವವಳ ಮುಂದೆ ಒಲೆ ಇರುತ್ತದೆ. ಭಯದಿಂದ ಬೇಗ ಬಂದದ್ದು ಬಿಡುವಾಗಿ ಬಂದದ್ದೆಂದು ಎಣಿಕೆಯಾಗುತ್ತದೆ.

ಇಷ್ಟಕ್ಕೆಲ್ಲ ಯಂತ್ರಗಳಿವೆಯಲ್ಲ ಎಂಬುದು ಮೊದಲು ಕೇಳಿಬರುವ ಮಾತು. ಗಾಳಿ ಶುದ್ಧಿ ಮಾಡುವ ಯಂತ್ರ, ಬಟ್ಟೆ ಒಣಗಿಸುವ ಯಂತ್ರ, ಪಾತ್ರೆ ತೊಳೆಯುವ ಯಂತ್ರ, ದೊಡ್ಡ ಗೀಸರ್. ಇವು ಬೇಡವೆಂದು ನಾನು ಹೇಳುವುದಿಲ್ಲ. ತಣ್ಣೀರಿನಲ್ಲಿ ಪಾತ್ರೆ ಉಜ್ಜುವುದರಲ್ಲಿ ಯಾವ ಪುಣ್ಯವೂ ಇಲ್ಲ. ಆದರೆ ಯಂತ್ರ ಕೆಲಸವನ್ನು ಹಗುರ ಮಾಡುತ್ತದೆಯೇ ಹೊರತು ಹಂಚುವುದಿಲ್ಲ. ಮನೆಗೆಲಸದ ಯಂತ್ರಗಳ ಚರಿತ್ರೆ ಬರೆದ ಅಮೆರಿಕದ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲೇ ಇದನ್ನು ತೋರಿಸಿದ್ದರು: ಒಗೆಯುವ ಯಂತ್ರ, ಹೊಸ ಒಲೆಗಳು ಬಂದ ಮೇಲೆ ಗಂಡಸರು, ಮಕ್ಕಳು ಮಾಡುತ್ತಿದ್ದ ಕೆಲಸಗಳು ಮಾಯವಾದವು, ಶುಚಿತ್ವದ ನಿರೀಕ್ಷೆ ಏರಿತು, ಗೃಹಿಣಿಯ ಗಂಟೆಗಳು ಕಡಿಮೆಯಾಗಲಿಲ್ಲ. ದೆಹಲಿಯಲ್ಲೇ ಇನ್ನೊಂದು ಪಾಠವಿದೆ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2018ರಿಂದ 2020ರ ನಡುವೆ ನಗರದ ಮನೆಗಳ ಒಳಗಿನ ಗಾಳಿಯನ್ನು ಅಳೆದರು. ಶ್ರೀಮಂತರ ಮನೆಗಳಲ್ಲಿ ಶುದ್ಧಿಯಂತ್ರ ಇರುವ ಸಾಧ್ಯತೆ ಬಡವರ ಮನೆಗಳಿಗಿಂತ 13 ಪಟ್ಟು ಹೆಚ್ಚಿತ್ತು. ಆದರೆ ಒಳಗಿನ ಮಾಲಿನ್ಯ ಕಡಿಮೆಯಿದ್ದದ್ದು ಕೇವಲ ನೂರಕ್ಕೆ ಹತ್ತರಷ್ಟು. ಯಂತ್ರ ಕೊಂಡರೆ ಸಾಲದು, ಸರಿಯಾದ ಹೊತ್ತಿಗೆ ಓಡಿಸಬೇಕು, ಫಿಲ್ಟರ್ ಬದಲಿಸಬೇಕು, ಬಾಗಿಲ ಸಂದು ಮುಚ್ಚಬೇಕು. ಅದನ್ನೆಲ್ಲ ಗಮನಿಸುವ ಒಬ್ಬ ಮನುಷ್ಯ ಬೇಕು, ಆ ಮನುಷ್ಯ ಯಾರು ಎಂಬ ಪ್ರಶ್ನೆಗೆ ಮತ್ತೆ ಅದೇ ಉತ್ತರ.

ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡರಾಯಿತು ಎಂಬುದು ಎರಡನೆಯದು. ದೆಹಲಿಯ ಮಧ್ಯಮ ವರ್ಗದ ಮನೆಗಳು ಸಾಗುತ್ತಿರುವುದೇ ಮನೆಗೆಲಸದ ಮಹಿಳೆಯರಿಂದ. ಆದರೆ ಅವರಿಗೂ ಅದೇ ಚಳಿಗಾಲ. ಮಂಜಿನಲ್ಲಿ ದೂರದ ಬಸ್ತಿಯಿಂದ ನಡೆದು ಬರುವವಳು ಜನವರಿಯಲ್ಲಿ ತಡವಾಗಿ ಬರುತ್ತಾಳೆ, ಅವಳ ಮನೆಯ ಮಕ್ಕಳಿಗೂ ಕೆಮ್ಮು ಬರುತ್ತದೆ, ಅವಳಿಗೆ ಬಿಸಿನೀರಿನ ನಲ್ಲಿ ತೆರೆದುಕೊಡುವ ಮನೆಗಳು ಎಷ್ಟಿವೆಯೋ. ಅವಳು ಬಾರದ ದಿನ ರಜೆ ಹಾಕುವುದು, ಅವಳೊಡನೆ ಸಂಬಳ, ರಜೆ ಮಾತಾಡುವುದು ಸಾಮಾನ್ಯವಾಗಿ ಹೆಂಡತಿಯೇ. ಒಬ್ಬ ಹೆಂಗಸಿನ ಹೊರೆ ಇನ್ನೊಬ್ಬ ಹೆಂಗಸಿನ ಮೇಲೆ ಹೋಯಿತು, ಮೇಲ್ವಿಚಾರಣೆ ಮೊದಲಿನವಳಲ್ಲೇ ಉಳಿಯಿತು. ಸರಿಯಾದ ಸಂಬಳ, ಬಿಸಿನೀರು, ಚಳಿಗಾಲದಲ್ಲಿ ಹತ್ತು ಗಂಟೆಗೆ ಬರುವ ಅನುಮತಿ ಕೊಟ್ಟು ನೆರವು ಪಡೆಯುವುದು ತಪ್ಪಲ್ಲ. ಅದು ಗಂಡ ಹೆಂಡತಿಯ ನಡುವಿನ ಲೆಕ್ಕವನ್ನು ಚುಕ್ತಾ ಮಾಡಿತು ಎಂದುಕೊಳ್ಳುವುದು ತಪ್ಪು.

ಮೂರನೆಯ ಆಕ್ಷೇಪ ಹೆಚ್ಚು ಆಳದ್ದು. ಎರಡು ಎರಡೂವರೆ ತಿಂಗಳ ಚಳಿ, ಅದಕ್ಕಾಗಿ ನಿಮಿಷ ಎಣಿಸುತ್ತ ಕೂತರೆ ಪ್ರೀತಿ ಎಲ್ಲಿ ಉಳಿಯುತ್ತದೆ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹಿರಿಯರು ನೆನಪಿಸುತ್ತಾರೆ. ಆ ಗಾದೆಯಲ್ಲಿ ತಿಳಿವಳಿಕೆಯಿದೆ, ದಾಂಪತ್ಯಕ್ಕೆ ಕ್ಷಮೆ ಬೇಕು. ಆದರೆ ಅದು ಹುಟ್ಟಿದ ಮನೆಯಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಉಂಡು ಒಂದೇ ಹೊತ್ತಿಗೆ ಮಲಗುತ್ತಿದ್ದರೇ ಎಂದು ಕೇಳಬೇಕು. ಚಳಿಗಾಲದ ಫ್ಲಾಟಿನಲ್ಲಿ ಒಬ್ಬರು ಹತ್ತಕ್ಕೆ ಹೀಟರಿನ ಮುಂದೆ ಕೂತಿರುತ್ತಾರೆ, ಇನ್ನೊಬ್ಬರು ಹನ್ನೊಂದಕ್ಕೆ ಹಾಲಿಗೆ ಹೆಪ್ಪು ಹಾಕಿ ಶಾಲು ಸುತ್ತುತ್ತಿರುತ್ತಾರೆ. ಜಗಳವೇ ಆಗಿರುವುದಿಲ್ಲ, ದಣಿವು ಮಾತ್ರ ಇರುತ್ತದೆ, ದಣಿವಿಗೆ ರಾಜಿ ಮಾಡಿಕೊಳ್ಳುವ ಮಾತೂ ಇರುವುದಿಲ್ಲ. ಪ್ರೀತಿ ಲೆಕ್ಕ ಕೇಳುವುದಿಲ್ಲವೆಂಬುದು ನಿಜ. ಆದರೆ ಲೆಕ್ಕ ಕೇಳದ ಪ್ರೀತಿಯ ಖರ್ಚು ಯಾವಾಗಲೂ ಒಬ್ಬರ ಕಡೆಯಿಂದಲೇ ಆಗುತ್ತಿದ್ದರೆ, ಅವರು ಕೇಳದಿರುವುದನ್ನು ಇನ್ನೊಬ್ಬರು ಒಪ್ಪಿಗೆ ಎಂದು ತಿಳಿಯಬಾರದು. ಇನ್ನು ಎರಡೇ ತಿಂಗಳು ಎಂಬ ಮಾತು. ಮದುವೆಯಾದ ಮೊದಲ ಚಳಿಗಾಲದಲ್ಲಿ ಯಾರು ಮೊದಲು ಎದ್ದು ಗೀಸರ್ ಹಾಕುತ್ತಾರೋ ಅವರೇ ಮುಂದೆ ಮಗುವಿನ ಬಾಟಲಿಗೂ ಏಳುತ್ತಾರೆ. 2024ರ ಸಮೀಕ್ಷೆ ಹೇಳುವಂತೆ 15ರಿಂದ 59ರ ವಯಸ್ಸಿನ, ಆರೈಕೆಯ ಕೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ 140 ನಿಮಿಷ ಕೊಡುತ್ತಾರೆ, ಗಂಡಸರು 74. ರೂಢಿ ಬೀಳುವುದು ಇಂಥ ಸಣ್ಣ ಋತುಗಳಲ್ಲೇ.

ಹಾಗಾದರೆ ಏನು ಮಾಡಬೇಕು? ಕೆಲಸ ಹಂಚಿಕೊಳ್ಳಿ ಎಂಬ ಉಪದೇಶ ಹಳೆಯದು, ಅದು ಸೋಲುವುದು ಎಲ್ಲಿ ಎಂಬುದೂ ಗೊತ್ತಿರುವುದೇ. ಹೇಳಿದರೆ ಮಾಡುತ್ತೇನೆ ಎನ್ನುವ ಗಂಡ ಕೈಯ ಕೆಲಸವನ್ನು ತೆಗೆದುಕೊಳ್ಳುತ್ತಾನೆ, ತಲೆಯ ಕೆಲಸ ಹೆಂಡತಿಯಲ್ಲೇ ಉಳಿಯುತ್ತದೆ. ನೆನಪಿಡುವುದನ್ನೂ ಸೇರಿಸಿ ಪೂರ್ತಿಯಾಗಿ ಹಂಚಿದರೆ ಮಾತ್ರ ಹಂಚಿದಂತೆ. ಬಟ್ಟೆ ಒಬ್ಬರದು ಎಂದಾದರೆ ಒಗೆಯುವುದು, ಭಾನುವಾರದ ಬಿಸಿಲು ಯಾವ ಹೊತ್ತಿಗೆ ಬಾಲ್ಕನಿಗೆ ಬರುತ್ತದೆಂದು ತಿಳಿದಿರುವುದು, ಹೋಳಿಗೆ ಮುನ್ನ ಉಣ್ಣೆ ಕಟ್ಟಿಡುವುದು ಎಲ್ಲವೂ ಅವರದೇ. ಮೊಸರು, ಹಿಟ್ಟು ಇನ್ನೊಬ್ಬರದಾದರೆ ಶುಕ್ರವಾರ ರಾತ್ರಿ ನೆನೆಹಾಕಲು ನೆನಪಿಸುವವರು ಬೇರೆ ಇರಬಾರದು. ಮನೆ ಹುಡುಕುವಾಗಲೇ ಈ ಲೆಕ್ಕ ಆರಂಭವಾಗಬೇಕು. ನಮ್ಮವರು ವಾಸ್ತು ನೋಡಿ ಪೂರ್ವ ಉತ್ತರದ ಬಾಗಿಲು ಕೇಳುತ್ತಾರೆ. ದೆಹಲಿಯ ಚಳಿಗಾಲಕ್ಕೆ ಬೇಕಾದದ್ದು ದಕ್ಷಿಣದ ಕಿಟಕಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ 38 ಡಿಗ್ರಿಯಷ್ಟೇ ಮೇಲಿರುತ್ತಾನೆ, ಹಾಗಾಗಿ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಕ್ಕೆ ದೂರದವರೆಗೆ ಬೀಳುತ್ತದೆ. ಜೂನ್‌ನಲ್ಲಿ ಅವನು ಬಹುತೇಕ ನೆತ್ತಿಯ ಮೇಲಿರುವುದರಿಂದ ಅದೇ ಕಿಟಕಿ ಸುಡುವುದೂ ಇಲ್ಲ. ತುಸು ಹೆಚ್ಚಿನ ಬಾಡಿಗೆ ಕೊಟ್ಟು ಇಂಥ ಮನೆ ಹಿಡಿದರೆ ಗೋಡೆ ಬೆಚ್ಚಗಿರುತ್ತದೆ, ಬಟ್ಟೆ ಒಣಗುತ್ತದೆ, ಹೀಟರಿನ ಗಂಟೆಗಳು ಇಳಿಯುತ್ತವೆ. ದುಡ್ಡಿಗಿಂತ ಹೆಚ್ಚಾಗಿ ಹೊತ್ತು ಉಳಿಯುತ್ತದೆ.

ನಗರದ ಆಡಳಿತವೂ ತನಗರಿವಿಲ್ಲದೆ ಒಂದು ದಾರಿ ತೋರಿಸಿದೆ. ಮಾಲಿನ್ಯ ಮಿತಿಮೀರಿದಾಗ ಹಂತಹಂತವಾಗಿ ನಿರ್ಬಂಧ ಹೇರುವ ಯೋಜನೆ 2017ರಿಂದ ದೆಹಲಿಯಲ್ಲಿದೆ. ತೀವ್ರ ಹಂತದಲ್ಲಿ ಶಾಲೆಗಳು ಆನ್‌ಲೈನ್ ಆಗುತ್ತವೆ, ಕಚೇರಿಗಳ ಅರ್ಧದಷ್ಟು ಸಿಬ್ಬಂದಿ ಮನೆಯಿಂದ ಕೆಲಸ ಮಾಡಬೇಕಾಗುತ್ತದೆ. ಮನೆಯಿಂದ ಕೆಲಸವೆಂದರೆ ಮಧ್ಯಾಹ್ನದ ಇನ್ನೊಂದು ಅಡುಗೆ, ಇನ್ನೆರಡು ಸಲ ಚಹಾ, ಹಗಲೂ ಹೀಟರು. ಇಬ್ಬರ ಲ್ಯಾಪ್‌ಟಾಪುಗಳೂ ತೆರೆದಿರುವಾಗ ಕುಕ್ಕರಿನ ಕೂಗಿಗೆ ಏಳುವವರು ಯಾರು ಎಂಬುದನ್ನು ಆ ದಿನಗಳಲ್ಲೇ ನೋಡಬಹುದು. ನಾನು ಹೇಳಿದ ದಾರಿ ಇರುವುದು ಇನ್ನೊಂದು ಕ್ರಮದಲ್ಲಿ. 2024ರ ನವೆಂಬರಿನಲ್ಲಿ ರಸ್ತೆಯ ದಟ್ಟಣೆ ತಗ್ಗಿಸಲು ಕಚೇರಿಗಳ ವೇಳೆಯನ್ನೇ ಹಿಂದೆಮುಂದೆ ಮಾಡಿದರು. ಮಹಾನಗರಪಾಲಿಕೆಯದು ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದು, ಕೇಂದ್ರ ಸರ್ಕಾರದ್ದು ಒಂಬತ್ತರಿಂದ ಐದೂವರೆ, ದೆಹಲಿ ಸರ್ಕಾರದ್ದು ಹತ್ತರಿಂದ ಆರೂವರೆ. ಯೋಚನೆ ಇದ್ದದ್ದು ವಾಹನಗಳ ಬಗ್ಗೆ. ಆದರೆ ಗಂಡ ಪಾಲಿಕೆಯಲ್ಲೂ ಹೆಂಡತಿ ದೆಹಲಿ ಸರ್ಕಾರದ ಕಚೇರಿಯಲ್ಲೂ ಇರುವ ಮನೆಯನ್ನು ತೆಗೆದುಕೊಳ್ಳಿ: ಬೆಳಿಗ್ಗೆ ಅವಳಿಗೆ ಒಂದೂವರೆ ಗಂಟೆ ಹೆಚ್ಚು, ಸಂಜೆ ಅವನಿಗೆ ಒಂದೂವರೆ ಗಂಟೆ ಹೆಚ್ಚು. ಗೀಸರಿಗಾಗಿ ಸರದಿ ಕಾಯಬೇಕಿಲ್ಲ. ಐದಕ್ಕೆ ಹೊರಟವನು ಇಬ್ಬನಿ ಬೀಳುವ ಮೊದಲೇ ಬಟ್ಟೆ ತೆಗೆಯಬಹುದು, ತರಕಾರಿ ತರಬಹುದು, ಅವಳು ಇಳಿಯುವ ಮೆಟ್ರೊ ನಿಲ್ದಾಣಕ್ಕೆ ಹೋಗಿ ನಿಲ್ಲಬಹುದು, ಬಟಾಣಿ ಸುಲಿದಿಡಬಹುದು. ಖಾಸಗಿ ಕಂಪನಿಗಳು ನವೆಂಬರಿನಿಂದ ಫೆಬ್ರುವರಿವರೆಗೆ ಇಂಥ ವೇಳೆಯನ್ನು ನೌಕರರೇ ಆರಿಸಿಕೊಳ್ಳಲು ಬಿಟ್ಟರೆ ಅವುಗಳಿಗೆ ಆಗುವ ನಷ್ಟ ಅತಿ ಕಡಿಮೆ. ಹಾಗೆ ಸಿಕ್ಕ ಸಂಜೆಯ ಒಂದೂವರೆ ಗಂಟೆಯನ್ನು ಗಂಡ ಒಲೆಯ ಮುಂದೆ ಕಳೆಯುತ್ತಾನೋ ಹೀಟರಿನ ಮುಂದೆಯೋ ಎಂಬುದನ್ನು ಮಾತ್ರ ಯಾವ ಸುತ್ತೋಲೆಯೂ ಹೇಳಲಾರದು. ಅದನ್ನು ಆ ಇಬ್ಬರೇ ಅಕ್ಟೋಬರಿನಲ್ಲಿ, ರಜಾಯಿ ಬಿಸಿಲಿಗೆ ಹಾಕುವ ಮೊದಲೇ, ಕೂತು ಮಾತಾಡಿಕೊಳ್ಳಬೇಕು.